ಎರಡು ಸೂಜಿಯ ಹೊಲಿಗೆ

ಹಾಸ್ಟೆಲ್, ಕೋಣೆ ಹದಿನಾಲ್ಕು
ಜುಲೈ 18

ಅಮ್ಮಾ,

ನಿನ್ನ ಪತ್ರ ತಲುಪಿತು. ಫೋನಿನಲ್ಲಿ ನೀನು "ಊಟ ಆಯ್ತಾ, ಸರಿ, ಇಡ್ತೀನಿ" ಎಂಬುದನ್ನು ದಾಟಿ ಮುಂದೆ ಹೋದವಳಲ್ಲ. ಅದಕ್ಕೇ ನಾವು ಪತ್ರದ ಒಪ್ಪಂದ ಮಾಡಿಕೊಂಡದ್ದು. ಆದರೆ ಈ ಸಲ ನಿನ್ನ ಸಾಲುಗಳಿಗೆ ಏನಾಗಿದೆ? ಎಡಗಡೆ ಸರಿಯಾಗಿಯೇ ಹೊರಟದ್ದು ಬಲಗಡೆ ಬರುವಷ್ಟರಲ್ಲಿ ಗುಡ್ಡ ಹತ್ತಿ ಮೇಲಿನ ಸಾಲನ್ನು ತುಳಿಯುತ್ತಿದೆ. ನನ್ನ ಕೋಣೆಯವಳಿಗೆ ತೋರಿಸಿದೆ. "ಈ ವರ್ಷ ಇಡೀ ಜಗತ್ತಿನಲ್ಲಿ ಮೇಲಕ್ಕೆ ಹೋಗ್ತಿರೋ ಗೆರೆ ಇದೊಂದೇ ಕಣೇ, ಫ್ರೇಮ್ ಹಾಕ್ಸು" ಅಂದಳು.

ಮಿಕ್ಕ ಗೆರೆಗಳೆಲ್ಲ ಕೆಳಗೇ ಇಳಿಯುತ್ತಿವೆ. ನಾವು ಹೆಸರೂ ಕೇಳದ ಊರಿನಲ್ಲಿ, ನಾವು ಒಂದು ಕಾಸೂ ಇಡದ ಬ್ಯಾಂಕು ಮುಳುಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನೀನು ಹೇಳುತ್ತಿದ್ದೆಯಲ್ಲ, ಅದಕ್ಕೆ ಇಲ್ಲಿ 'ಜಾಗತಿಕ ಆರ್ಥಿಕ ಬಿಕ್ಕಟ್ಟು' ಎನ್ನುತ್ತಾರೆ. ಅರ್ಥಶಾಸ್ತ್ರದ ನಮ್ಮ ಗ್ರಾಫ್ ಮೇಷ್ಟ್ರು ಹೋದ ವರ್ಷ ಇಂಥದ್ದು ಇನ್ನು ಮುಂದೆ ಆಗುವುದೇ ಸಾಧ್ಯವಿಲ್ಲ ಎಂದು ಪಾಠ ಮಾಡಿದ್ದರು. ಈ ವರ್ಷ ಇದು ಆಗಲೇಬೇಕಿತ್ತು ಎಂದು ಪಾಠ ಮಾಡುತ್ತಿದ್ದಾರೆ. ನೋಟ್ಸು ಮಾತ್ರ ಅದೇ, ಅದೇ ಹಳದಿ ಹಾಳೆ. ಹಾಸ್ಟೆಲಿನ ಅಡುಗೆಯವರು ಬ್ರೆಡ್ಡಿಗೆ ಬೆಣ್ಣೆ ಸವರುವ ಚಾಕುವನ್ನು ಈಗ ಅದೇ ಬೆಣ್ಣೆಯನ್ನು ಕೆರೆದು ತೆಗೆಯಲು ಬಳಸುತ್ತಾರೆ. ಬಿಕ್ಕಟ್ಟು ಎಂದರೇನು ಎಂದು ಇಡೀ ಕಾಲೇಜಿನಲ್ಲಿ ಸರಿಯಾಗಿ ಕಲಿಸುತ್ತಿರುವವರು ಅವರೊಬ್ಬರೇ.

ಇನ್ನು ನಿನ್ನ ಪತ್ರದ ಕೊನೆಯ ಸಾಲು. ತಪ್ಪು ಮಾಡಿದ ಮಕ್ಕಳು ಪ್ರಗತಿಪತ್ರವನ್ನು ಕೊನೆಗೆ ತೋರಿಸಿದ ಹಾಗೆ ಬರೆದಿದ್ದೀಯ: "ಅಂಗಡಿಗೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೇನೆ, ನಿನ್ನ ಕೋಣೆಯಲ್ಲೇ ಮಲಗುತ್ತಾಳೆ." ಯಾರು ಅವಳು? ನನ್ನ ಮಂಚದಲ್ಲಿ ಮಲಗುತ್ತಾಳೋ, ನೆಲದ ಮೇಲೋ? ಅಂಗಡಿಯಲ್ಲಿ ಏನು ಕೆಲಸ? ಗುಡಿಸುವುದಾದರೆ ನನಗೇನೂ ಅಭ್ಯಂತರವಿಲ್ಲ.

ನಿನ್ನ ಒಬ್ಬಳೇ ಮಗಳು (ಹೋದ ವಾರದವರೆಗಿನ ಲೆಕ್ಕ)


ಅಂಗಡಿ
ಆಗಸ್ಟ್ 3

ಪುಟ್ಟೀ,

ಅಕ್ಷರ ನೋಡಿ ಗಾಬರಿಯಾಗ್ಬೇಡ. ನಾನು ಹೇಳ್ತಿದೀನಿ, ಹುಡುಗಿ ಬರೀತಿದಾಳೆ. ನನ್ನ ಕೈ ಪೂರ್ತಿ ಗೋಂದು. ನನ್ನ ಸಾಲು ಗುಡ್ಡ ಹತ್ತುತ್ತೆ ಅಂತ ನಿಮ್ಮ ಹಾಸ್ಟೆಲಿಗೆಲ್ಲ ತೋರಿಸ್ಕೊಂಡು ಬಂದ್ಯಲ್ಲ, ಈಗ ನೆಟ್ಟಗಿದ್ಯಾ?

ಇವಳಪ್ಪ ಸರಕು ಕಳಿಸೋ ಆಫೀಸಲ್ಲಿ ಲೆಕ್ಕ ಬರೀತಿದ್ರಂತೆ. ಆಫೀಸು ಮುಚ್ತು. ಅಪ್ಪ ಅಮ್ಮ ಯಾರದೋ ಮನೇಲಿ ಒಂದು ರೂಮಲ್ಲಿದಾರೆ, ಇವಳಿಗೆ ಅಲ್ಲಿ ಜಾಗ ಇಲ್ಲ. ನೀನು ಓದ್ತಿರೋದನ್ನೇ ಬೇರೆ ಕಾಲೇಜಲ್ಲಿ ಓದ್ತಿದ್ಳು, ಬಿಟ್ಟಿದಾಳೆ. ಮಂಚದಲ್ಲೇ ಮಲಗ್ತಾಳೆ. ಖಾಲಿ ಮಂಚ ಇಟ್ಕೊಂಡು ಹುಡುಗೀನ ನೆಲದ ಮೇಲೆ ಮಲಗಿಸೋಕೆ ನಾನೇನು ರಾಕ್ಷಸೀನಾ?

ಕೆಲಸ ಕೇಳ್ಬೇಡ, ತಲೆ ಎತ್ತೋಕೆ ಪುರುಸೊತ್ತಿಲ್ಲ. ಯಾರೂ ಹೊಸ ಬ್ಯಾಗು ಕೊಳ್ತಿಲ್ಲ, ಎಲ್ಲರೂ ಅಟ್ಟದಿಂದ ಹಳೇದು ಇಳಿಸ್ತಿದಾರೆ. ಜಿಪ್ಪು, ಹಿಡಿ, ಕೊಡೆ ಕಡ್ಡಿ, ಸೂಟ್‌ಕೇಸಿನ ಗಾಲಿ. ನಿನ್ನೆ ಒಬ್ಬರು ಆಫೀಸ್ ಬ್ಯಾಗ್ ತಂದ್ರು, ಹಿಡಿ ಕಿತ್ತಿತ್ತು. ಇವತ್ತೇ ಬೇಕು ಅಂತ ಹಟ. ಕೆಲಸ ಹೋಗಿ ಎಷ್ಟೋ ದಿನ ಆಗಿದೆ, ಮನೇಲಿ ಹೇಳಿಲ್ಲವಂತೆ, ದಿನಾ ಬ್ಯಾಗ್ ಹಿಡ್ಕೊಂಡು ಹೊರಡ್ತಾರಂತೆ. ಪಾಪ, ಮೊದಲು ಅವರದೇ ಮಾಡಿಕೊಟ್ಟೆ.

ಹುಡುಗಿಗೆ ಎರಡು ಸೂಜಿ ಹೊಲಿಗೆ ಕಲಿಸ್ತಿದೀನಿ. ಕೈ ಚೆನ್ನಾಗಿದೆ.

ನಿನ್ನ ಅಮ್ಮ


ಆಗಸ್ಟ್ 12

ಅಮ್ಮಾ,

ಎರಡು ಸೂಜಿಯ ಹೊಲಿಗೆ!

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಿನ್ನ ದಬ್ಬಣ ಎತ್ತಿಕೊಂಡು ಒಂದು ತುಂಡು ಚರ್ಮಕ್ಕೆ ತೂತು ಹಾಕಿದ್ದೆ. ಅಳತೆಪಟ್ಟಿಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದೆ. "ಈ ಕೆಲಸ ನನ್ನ ಕೈಗೇ ಕೊನೆ. ನೀನು ಕೈ ಕಟ್ಕೊಂಡು ಕೂತು ಓದು, ನೋಡ್ಬೇಕು ಅನ್ಸಿದ್ರೆ ನೋಡು" ಎಂದೆ. ಅಂದಿನಿಂದ ಕೈ ಕಟ್ಟಿಕೊಂಡೇ ನೋಡಿದ್ದೇನೆ. ಮೇಣ ಉಜ್ಜಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಎರಡೂ ಕೈಯಲ್ಲಿ ಒಂದೇ ಜಗ್ಗು. ಮೆಷಿನ್ ಹೊಲಿಗೆ ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ, ಇದು ಬಿಚ್ಚುವುದಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದರೂ ನಿನ್ನ ಹೊಲಿಗೆ ಯಾವುದು, ಪರರದು ಯಾವುದು ಎಂದು ಹೇಳಬಲ್ಲೆ. ಹಾಕಲು ಮಾತ್ರ ಬರುವುದಿಲ್ಲ, ಏಕೆಂದರೆ ನೀನು ಬಿಡಲಿಲ್ಲ. ಈಗ ನಿನ್ನೆ ಮೊನ್ನೆ ಬಂದವಳ ಕೈ ಹಿಡಿದು ಕಲಿಸುತ್ತಿದ್ದೀಯ. ಹಿತ್ತಲ ಗಿಡ ಮದ್ದಲ್ಲ, ಅಲ್ಲವೇನಮ್ಮ? 'ಕೈ ಚೆನ್ನಾಗಿದೆ' ಎಂಬ ಮಾತನ್ನು ನನಗೆ ಒಮ್ಮೆಯೂ ಹೇಳಿದವಳಲ್ಲ ನೀನು. ಅದನ್ನು ಅವಳ ಕೈಯಿಂದಲೇ ಬರೆಸಿ ನನಗೆ ಕಳಿಸಿದ್ದೀಯ. ಬರೆಯುವಾಗ ಅವಳ ಮುಖ ಹೇಗಿತ್ತೋ! ಅಕ್ಷರವಂತೂ ಮುತ್ತು ಪೋಣಿಸಿದ ಹಾಗಿದೆ, ಅದನ್ನು ಕಂಡು ಇನ್ನಷ್ಟು ಉರಿಯಿತು.

ಒಂದು ಮಾತು ನೇರವಾಗಿ ಹೇಳಿಬಿಡು. ನನ್ನ ಪತ್ರಗಳನ್ನೂ ಆ ಮಹಾರಾಣಿಯೇ ಓದುತ್ತಾಳೋ? ಹಾಗಿದ್ದರೆ ಮಹಾರಾಣಿಯವರಿಗೆ ನಮಸ್ಕಾರ. ನನ್ನ ದಿಂಬಿನ ಎಡಗಡೆ ಉಂಡೆ ಕಟ್ಟಿದೆ, ತಿರುಗಿಸಿ ಮಲಗಿಕೊಳ್ಳತಕ್ಕದ್ದು.

ಇಲ್ಲಿನ ಸುದ್ದಿ: ಹಿಂದಿನ ವರ್ಷದ ಸೀನಿಯರುಗಳಿಗೆ ಕೆಲಸ ಕೊಟ್ಟಿದ್ದ ಕಂಪನಿಗಳು 'ಬರಬೇಡಿ' ಎಂದು ಪತ್ರ ಹಾಕಿವೆ. ಅವರೆಲ್ಲ ಆಗಲೇ ಶೂ ಕೊಂಡಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ. ನಮ್ಮ ಹಾಸ್ಟೆಲಿನಲ್ಲಿ ಸಂದರ್ಶನಕ್ಕೆಂದು ಒಂದು ಕಪ್ಪು ಕೋಟಿದೆ, ಯಾರಿಗೆ ಕರೆ ಬಂದರೆ ಅವರು ಹಾಕಿಕೊಂಡು ಹೋಗುವುದು. ಈಗ ಅದು ಮೊಳೆಯಿಂದ ಇಳಿದೇ ಇಲ್ಲ. ಕಾಲೇಜಿನ ಮೊದಲ ಅಧಿಕೃತ ನಿರುದ್ಯೋಗಿ ಎಂದರೆ ಆ ಕೋಟು.

ಕೈ ಕಟ್ಟಿಕೊಂಡ ಮಗಳು


ಅಂಗಡಿ
ಸೆಪ್ಟೆಂಬರ್ 6

ಪುಟ್ಟೀ,

ನಿನ್ನ ಕಾಗದ ನಾನೇ ಓದ್ಕೋತೀನಿ, ಅವಳ್ಯಾಕೆ ಓದ್ತಾಳೆ? ಇದನ್ನು ಬರೀತಾಳೆ ಅಷ್ಟೆ, ಗೋಂದಿನ ಕೈ ಅಂದ್ನಲ್ಲ. ನಿನ್ನ ಬಾಯಿಗೆ ಒಂದು ಜಿಪ್ಪು ಹಾಕ್ಬೇಕು, ಒಳ್ಳೇ ಹಿತ್ತಾಳೇದು.

ಹೊಡೆದಿದ್ದು ಇನ್ನೂ ಮರೆತಿಲ್ವಾ? ಯಾಕೆ ಹೊಡೆದೆ ಅಂತಾನೂ ನೆನಪಿಟ್ಕೋ. ಮೂವತ್ತು ವರ್ಷ ಬಗ್ಗಿ ಕೂತು ಕತ್ತು ಏನಾಗಿದೆ ಅಂತ ನೀನೇ ಎಣ್ಣೆ ಹಚ್ಚಿ ನೋಡಿದೀಯ. ಇವಳಿಗೆ ಬೇರೆ ದಾರಿ ಇಲ್ಲ, ಕಲಿಸ್ತೀನಿ. ನಿನಗೆ ಇದೆ, ಕಲಿಸಲ್ಲ. ಇದರಲ್ಲಿ ಕಿಚ್ಚು ಪಡೋಕೆ ಏನಿದೆ?

ಬಿಕ್ಕಟ್ಟು ಆಗಲೇಬೇಕಿತ್ತು ಅಂದ್ರಂತಲ್ಲ ನಿಮ್ಮ ಮೇಷ್ಟ್ರು, ಹುಡುಗಿ ನಗ್ತಾಳೆ. ಆಗಿದ್ದಕ್ಕೆಲ್ಲ ಆಮೇಲೆ ಕಾರಣ ಸಿಗುತ್ತೆ ಅಂತಾಳೆ. ದಿಂಬು ತಿರುಗಿಸ್ಕೊಂಡಿದಾಳೆ. ಚೆನ್ನಾಗಿ ಓದು.

ಅಮ್ಮ


ಅಕ್ಟೋಬರ್ 2

ಅಮ್ಮಾ,

ಓದುವವಳು ನೀನೇ ಆದರೆ ಮೇಷ್ಟ್ರ ಮಾತಿಗೆ ಅವಳು ನಕ್ಕದ್ದು ಹೇಗೆ? ದಿಂಬು ತಿರುಗಿಸಿಕೊಂಡದ್ದು ಹೇಗೆ? ನೀನೇ ಅವಳಿಗೆ ಹೇಳಿದೆ ಎನ್ನುತ್ತೀಯ, ಗೊತ್ತು. ನಾನು ನಿನಗೆ ಬರೆದದ್ದನ್ನು ನೀವಿಬ್ಬರೂ ಸಂಜೆ ಚಹಾ ಕುಡಿಯುತ್ತಾ ಮಾತಾಡಿಕೊಳ್ಳುತ್ತೀರಿ. ನಾನು ಇಲ್ಲಿ ಒಬ್ಬಳೇ ಕುಡಿಯುತ್ತೇನೆ, ಅದೂ ಹಾಲು ಕಡಿಮೆ ಮಾಡಿದ ಚಹಾ.

ನಿಜ ಹೇಳಲೇ? ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಿಲ್ಲ. ಬೆಳಿಗ್ಗೆ ತರಗತಿಯಲ್ಲಿ ಮೇಷ್ಟ್ರು ಬೇಡಿಕೆಯ ಗೆರೆ ಎಳೆಯುವಾಗ, ಈ ಹೊತ್ತಿಗೆ ಅಮ್ಮ ಶಟರು ಎತ್ತಿರುತ್ತಾಳೆ, ಅವಳು ದಾರಕ್ಕೆ ಮೇಣ ಉಜ್ಜುತ್ತಿರುತ್ತಾಳೆ ಎಂದು ಯೋಚಿಸುತ್ತೇನೆ. ನೀನು ಅವಳ ಬೆನ್ನ ಹಿಂದೆ ನಿಂತು, "ಜಗ್ಗು, ಇನ್ನೂ ಸ್ವಲ್ಪ, ಸಾಕು" ಎನ್ನುತ್ತಿರುತ್ತೀಯ. ಆ 'ಸಾಕು' ನನಗೆ ಬೇಕಿತ್ತು. ಅವಳಿಗೆ ಬೇರೆ ದಾರಿ ಇಲ್ಲವೆಂದೆ. ನನಗೆ ಇದೆಯೇ? ಇಲ್ಲಿಗೆ ಬಂದು ನೋಡು. ನೋಟಿಸ್ ಬೋರ್ಡಿನಲ್ಲಿ ಕೆಲಸ ಕೊಡಲು ಬರುವ ಕಂಪನಿಗಳ ಹೆಸರು ಸೀಮೆಸುಣ್ಣದಲ್ಲಿ ಬರೆದಿದ್ದರು. ದಿನಕ್ಕೊಂದು ಅಳಿಸುತ್ತಾ ಬಂದರು. ಈಗ ಬೋರ್ಡು ಎಷ್ಟು ಸ್ವಚ್ಛವಾಗಿದೆ ಎಂದರೆ ಅದರಲ್ಲಿ ಮುಖ ನೋಡಿಕೊಳ್ಳಬಹುದು. ಓದಿಗೆ ಬೆಲೆ ಇಲ್ಲ, ಕೈಗೆ ಕೆಲಸ ಇದೆ ಎಂದು ನಮ್ಮ ಮೇಷ್ಟ್ರೇ ಹೇಳುತ್ತಿದ್ದಾರೆ. ಹಾಗೆಂದು ಹೇಳುವುದಕ್ಕೆ ಅವರಿಗೆ ಸಂಬಳ ಬರುತ್ತದೆ, ಕೇಳುವುದಕ್ಕೆ ನಾವು ಶುಲ್ಕ ಕಟ್ಟುತ್ತೇವೆ.

ಇದರ ಜೊತೆ ನನ್ನ ಹೆಗಲ ಚೀಲ ಕಳಿಸುತ್ತಿದ್ದೇನೆ. ಸೇರಿದ ವರ್ಷ ನೀನೇ ಮಾಡಿಕೊಟ್ಟದ್ದು. ಪಟ್ಟಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಬುಡದಲ್ಲಿ ಕಿತ್ತು ಬಂದಿದೆ. ಕಾಲೇಜಿನ ಗೇಟಿನ ಬಳಿ ಹೊಲಿಯುವವನಿದ್ದಾನೆ, ಬೇಕೆಂದೇ ಅವನಿಗೆ ಕೊಡಲಿಲ್ಲ. ನೀನೇ ಹೊಲಿಯಬೇಕು. ಅವಳು ಮುಟ್ಟಬಾರದು. ಜಿಪ್ಪಿಗೆ ಮೇಣ ಹಚ್ಚುವುದಕ್ಕೂ ಕೂಡದು. ಇಷ್ಟು ಕೇಳುವುದಕ್ಕೆ ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ನಿನ್ನ ಮಗಳು


ಅಂಗಡಿ
ಅಕ್ಟೋಬರ್ 25

ಪುಟ್ಟೀ,

ತಡ ಆಯ್ತು, ಕೆಲಸ ಜಾಸ್ತಿ. ನೀನು ಹೇಳಿದ ಹಾಗೇ ನಾನೇ ಹೊಲಿದಿದೀನಿ. ಅವಳು ಮುಟ್ಟಿಲ್ಲ. ಭಾರ ಹಾಕು, ಏನೂ ಆಗಲ್ಲ.

ಅಮ್ಮ


ನವೆಂಬರ್ 4

ಅಮ್ಮಾ,

ಚೀಲ ಬಂತು. ಸುಳ್ಳು ಹೇಳಬೇಡ.

ನೀನು ಹೊಲಿದದ್ದಂತೆ! ಬುಡದ ಹೊಲಿಗೆ ಮೂರು ಕಡೆ ಜಾರಿದೆ. ಒಂದು ಬಕಲಿನ ಪಕ್ಕ, ಯಾರಿಗಾದರೂ ಕಾಣುವಂಥದ್ದು. ಇನ್ನೊಂದು ಪಟ್ಟಿ ಮಡಚುವ ಕಡೆ, ಅಲ್ಲಿ ಸೂಜಿ ಹಳೆಯ ತೂತು ಬಿಟ್ಟು ಪಕ್ಕದಲ್ಲಿ ಹೊಸ ತೂತು ಮಾಡಿದೆ. ಮೂರನೆಯದು ಒಳಗಡೆ, ಹೆಬ್ಬೆರಳಿಗೆ ಮಾತ್ರ ಸಿಗುತ್ತದೆ. ದಾರ ಒಂದು ಕಡೆಯಿಂದ ಬಂದಿದೆ, ಆ ಕಡೆಯದು ತಪ್ಪಿಸಿಕೊಂಡಿದೆ. ಕಣ್ಣು ಮುಚ್ಚಿಕೊಂಡು ಹೊಲಿದಿದ್ದಾಳೇನು ನಿನ್ನ ಮಹಾರಾಣಿ? ಇದೇ ಏನು ಆ ಚೆನ್ನಾಗಿರುವ ಕೈ? ನಾನು ಕೈ ಕಟ್ಟಿಕೊಂಡು ನೋಡಿ ಕಲಿತಷ್ಟೂ ಅವಳು ಕೈಯಾರೆ ಮಾಡಿ ಕಲಿತಿಲ್ಲ.

ಅದು ಹೋಗಲಿ. ನನಗೆ ಉರಿದದ್ದು ಹೊಲಿಗೆಗಲ್ಲ. ಒಂದೇ ಒಂದು ಕೇಳಿದ್ದೆ, ನೀನೇ ಮಾಡು ಎಂದು. ಅವಳ ಮುಂದೆ ಹಾಕಿ, ಅವಳ ಕೈಯಲ್ಲೇ 'ನಾನೇ ಹೊಲಿದಿದೀನಿ' ಎಂದು ಬರೆಸಿದ್ದೀಯ. ಅವಳೂ ನಾಚಿಕೆಯಿಲ್ಲದೆ 'ಅವಳು ಮುಟ್ಟಿಲ್ಲ' ಎಂದು ಬರೆದಿದ್ದಾಳೆ. ಊರವರ ಚೀಲಗಳಿಗೆಲ್ಲ ನಿನಗೆ ಪುರುಸೊತ್ತಿದೆ, ಕೆಲಸ ಕಳೆದುಕೊಂಡ ಗುರುತಿಲ್ಲದವರಿಗೂ ಇದೆ. ನನ್ನ ಮಂಚ ಅವಳಿಗೆ, ನನಗೆ ಸಿಗದ ದಬ್ಬಣ ಅವಳಿಗೆ, ನಿನ್ನ ಮಾತೂ ಅವಳ ಅಕ್ಷರದಲ್ಲಿ. ಇನ್ನು ನನಗೆ ಉಳಿದದ್ದೇನು, ಗ್ರಾಫು?

ರಜೆಗೆ ಮನೆಗೆ ಬರುವುದಿಲ್ಲ. ಇಲ್ಲೇ ಗ್ರಂಥಾಲಯದಲ್ಲಿ ಕೂತಿರುತ್ತೇನೆ. ಬಂದರೆ ಎಲ್ಲಿ ಮಲಗಲಿ?

ಇತಿ, ಹಾಸ್ಟೆಲಿನವಳು


ಅಂಗಡಿ
ನವೆಂಬರ್ 15

ಅಕ್ಕನವರಿಗೆ,

ಇದನ್ನು ಅಮ್ಮ ಹೇಳಿ ಬರೆಸುತ್ತಿಲ್ಲ. ಅವರು ಮಧ್ಯಾಹ್ನ ಸ್ವಲ್ಪ ಒರಗಿದ್ದಾರೆ, ನಾನೇ ಬರೆಯುತ್ತಿದ್ದೇನೆ. ಹೇಳಬಾರದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ನಿಮ್ಮ ಕೊನೆಯ ಪತ್ರ ಬಂದ ಮೇಲೆ ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಆ ಹೊಲಿಗೆ ನನ್ನದಲ್ಲ. ಅಮ್ಮನದೇ.

ಬೇಸಿಗೆಯಿಂದ ಅವರ ಕಣ್ಣು ಮಂಜಾಗುತ್ತಿದೆ. ಯಾವುದನ್ನು ನೇರವಾಗಿ ನೋಡುತ್ತಾರೋ ಅದರ ನಡುಭಾಗವೇ ಅಳಿಸಿದ ಹಾಗೆ ಕಾಣುತ್ತದಂತೆ, ಅಂಚು ಮಾತ್ರ ಉಳಿಯುತ್ತದಂತೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿ ನೋಡುತ್ತಾರೆ. ಹೋದದ್ದು ಹಿಂತಿರುಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಔಷಧಿ ನಡೆಯುತ್ತಿದೆ, ನಾನೇ ಕರೆದುಕೊಂಡು ಹೋಗುತ್ತೇನೆ. ಜಿಪ್ಪು, ರಿವೆಟ್ಟು ಇವನ್ನೆಲ್ಲ ಅವರು ಈಗಲೂ ಬೆರಳಿನಲ್ಲೇ ಮಾಡುತ್ತಾರೆ. ಹೊಲಿಗೆ ಆಗುವುದಿಲ್ಲ. ಅದಕ್ಕೇ ನನ್ನನ್ನು ಇಟ್ಟುಕೊಂಡದ್ದು, ಅದಕ್ಕೇ ಕಲಿಸಿದ್ದು. "ಅವಳಿಗೆ ಗೊತ್ತಾದ್ರೆ ಪರೀಕ್ಷೆ ಬಿಟ್ಟು ಓಡಿ ಬರ್ತಾಳೆ. ಮುಗೀಲಿ, ನಾನೇ ಹೇಳ್ತೀನಿ" ಎನ್ನುತ್ತಾರೆ. ಗೋಂದು ಎಂದದ್ದು ನೆಪ.

ನಿಮ್ಮ ಚೀಲವನ್ನು ನಾನು ಹೊಲಿಯುತ್ತೇನೆ, ನಿಮಗೆ ತಿಳಿಯುವುದಿಲ್ಲ ಎಂದು ಎಷ್ಟೋ ಹೇಳಿದೆ. "ನಾನೇ ಹೊಲೀಬೇಕು ಅಂತ ಕೇಳಿದಾಳೆ. ನೀನು ದೂರ ಕೂತ್ಕೋ" ಎಂದರು. ದೀಪದ ಕೆಳಗೆ ಕೂತು, ಒಂದೊಂದು ತೂತನ್ನೂ ಉಗುರಿನಲ್ಲಿ ಹುಡುಕಿ, ಹಾಕಿ, ಬಿಚ್ಚಿ, ಮತ್ತೆ ಹಾಕಿದರು. ಎರಡು ಸಲ ಬೆರಳಿಗೆ ಚುಚ್ಚಿಕೊಂಡರು. ದಾರ ಪೋಣಿಸಿ ಕೊಡಲೂ ನನ್ನನ್ನು ಬಿಡಲಿಲ್ಲ. ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಬರೆದಿದ್ದಿರಿ. ಆ ದಿನಗಳಲ್ಲಿ ನನಗೆ ಎಷ್ಟಿತ್ತೆಂದು ನಿಮಗೆ ಗೊತ್ತಿಲ್ಲ. ನನಗೂ ಅಮ್ಮ ಇದ್ದಾರೆ, ಅವರಿಗೆ ನನ್ನ ನೆನಪಾಗುವುದು ತಿಂಗಳಿಗೊಮ್ಮೆ. ನೀವು ಕೂರುವ ಬೆಂಚಿನಂಥದ್ದೇ ಬೆಂಚಿನಿಂದ ನಾನು ಎದ್ದು ಬಂದಿದ್ದೇನೆ. ನೀವು ಮೇಷ್ಟ್ರನ್ನು ಹಾಸ್ಯ ಮಾಡುವಾಗ, ನನಗೆ ಹಾಸ್ಯ ಮಾಡಲು ಒಬ್ಬ ಮೇಷ್ಟ್ರಾದರೂ ಉಳಿಯಲಿಲ್ಲವಲ್ಲ ಎನ್ನಿಸುತ್ತದೆ.

ನಿಮ್ಮ ಪತ್ರಗಳನ್ನೆಲ್ಲ ಓದಿ ಹೇಳುವವಳೂ ನಾನೇ. ಮಹಾರಾಣಿ ಎಂದದ್ದು, ದಿಂಬು, ಎಲ್ಲವನ್ನೂ ನನ್ನ ಬಾಯಲ್ಲೇ ಓದಿದ್ದೇನೆ. ಒಂದಕ್ಷರ ಬಿಟ್ಟಿರಲಿಲ್ಲ. ನವೆಂಬರಿನ ಪತ್ರವನ್ನು ಮಾತ್ರ ಓದಲಿಲ್ಲ. ಮೊದಲ ಸಾಲು ಕಂಡ ಕೂಡಲೇ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದೆ: ಚೀಲ ಬಂತು, ತುಂಬಾ ಚೆನ್ನಾಗಿದೆ, ನಿನ್ನ ಕೈ ಎಂದರೆ ಕೈ ಎಂದು ಬರೆದಿದ್ದಾರೆ ಅಂತ. ಅಮ್ಮ ಕೇಳಿ ಕೆಲಸಕ್ಕೆ ಎದ್ದರು. ದಯವಿಟ್ಟು ಮುಂದಿನ ಪತ್ರದಲ್ಲಿ ಹಾಗೆಯೇ ಬರೆಯಿರಿ. ನಾನು ಬರೆದೆನೆಂದು ತಿಳಿಸಬೇಡಿ.

ನೆಲದ ಮೇಲೆ ಮಲಗಲು ನನಗೆ ಏನೂ ತೊಂದರೆಯಿಲ್ಲ.

ಇತಿ, ಅಂಗಡಿಯ ಹುಡುಗಿ


ನವೆಂಬರ್ 24

ಹುಡುಗೀ,

ಈ ಮೊದಲ ಹಾಳೆ ನಿನಗೆ. ಗಟ್ಟಿಯಾಗಿ ಓದಬೇಡ. ಎರಡನೆಯದು ಅಮ್ಮನಿಗೆ.

ನಿನ್ನ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಓದಿದೆ. ಮುಗಿಸಿ ಅಲ್ಲೇ ಕೂತೆ. ಆಮೇಲೆ ಚೀಲ ತಂದು ಮಡಿಲಲ್ಲಿಟ್ಟುಕೊಂಡು ಆ ಮೂರು ಜಾಗಗಳನ್ನು ಬೆರಳಿನಲ್ಲಿ ಮತ್ತೆ ಹುಡುಕಿದೆ. 'ಕಣ್ಣು ಮುಚ್ಚಿಕೊಂಡು ಹೊಲಿದಿದ್ದಾಳೇನು' ಎಂದು ಬರೆದದ್ದು ಈ ಕೈಯೇ. ಅದನ್ನು ನೀನು ಅಮ್ಮನಿಗೆ ಓದಲಿಲ್ಲ. ಅದಕ್ಕೆ ನಿನಗೆ ಏನು ಹೇಳಲಿ? ನಾನು ನಿನ್ನನ್ನು ಅಂದದ್ದಕ್ಕೆಲ್ಲ ತಪ್ಪಾಯಿತು ಎನ್ನುತ್ತೇನೆ, ಅದು ಸಾಲದು ಎಂದೂ ಗೊತ್ತು.

ಆದರೆ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡ. ಹೆಚ್ಚಾಗಿದೆ. ಅಮ್ಮನ ಕಣ್ಣು ಹೋಗುತ್ತಿದೆ ಎಂಬುದು ನನಗಿಂತ ಮೊದಲು ನಿನಗೆ ಗೊತ್ತಾಯಿತಲ್ಲ ಎಂದು ಕಿಚ್ಚು. ಆಸ್ಪತ್ರೆಗೆ ಕೈ ಹಿಡಿದು ನಡೆಸಿದವಳು ನೀನಾದೆಯಲ್ಲ ಎಂದು ಕಿಚ್ಚು. ಇಷ್ಟು ತಿಂಗಳು ಅಮ್ಮ ನನ್ನ ಮಾತನ್ನು ನಿನ್ನ ದನಿಯಲ್ಲಿ ಕೇಳಿದ್ದಾಳೆ, ಅದಕ್ಕೂ ಕಿಚ್ಚು. ಇಂಥದ್ದಕ್ಕೆಲ್ಲ ಹೊಟ್ಟೆಕಿಚ್ಚು ಪಡುವವರುಂಟೇ ಎಂದರೆ, ಉಂಟು, ಕೋಣೆ ಹದಿನಾಲ್ಕರಲ್ಲಿ. ನೆಲದ ಮೇಲೆ ಮಲಗುವ ಮಾತೆತ್ತಬೇಡ, ಮಂಚ ಅಗಲವಾಗಿದೆ. ಅಕ್ಕ ಎಂದು ಕರೆದದ್ದನ್ನು ಕೇಳಿಸಿಕೊಂಡಿದ್ದೇನೆ. ಒಪ್ಪಿಕೊಳ್ಳಲು ಇನ್ನೂ ಸ್ವಲ್ಪ ಕಾಲ ಹಿಡಿಯುತ್ತದೆ.

ಮುಂದಿನ ಹಾಳೆಯನ್ನು ನಗುತ್ತಾ ಓದು.

ಅಮ್ಮಾ,

ಹೋದ ಸಲ ಬರೆದ ಹಾಗೆ ಚೀಲ ಬಹಳ ಚೆನ್ನಾಗಿದೆ. ಕಾಲೇಜಿನಲ್ಲೆಲ್ಲ ಕೇಳುತ್ತಾರೆ, ಯಾರು ಮಾಡಿದ್ದು ಎಂದು. ಗ್ರಾಫ್ ಮೇಷ್ಟ್ರು ಕೂಡ ತಮ್ಮ ಹಳೆಯ ಬ್ಯಾಗು ತೋರಿಸಿ, "ನಿಮ್ಮ ತಾಯಿ ಇದನ್ನೂ ಸರಿಮಾಡ್ತಾರೇನಮ್ಮ?" ಎಂದರು. ಜಾಗತಿಕ ಆರ್ಥಿಕತೆ ಸರಿಹೋಗುವ ನಂಬಿಕೆ ಅವರಿಗೆ ಹೋಗಿದೆ, ಬ್ಯಾಗಿನ ಮೇಲೆ ಮಾತ್ರ ಇನ್ನೂ ಇದೆ. ರಜೆಗೆ ಬರುವುದಿಲ್ಲ ಅನ್ನಿಸಿತ್ತು, ಮನಸ್ಸು ಬದಲಾಯಿಸಿದ್ದೇನೆ. ಪರೀಕ್ಷೆ ಬರೆದೇ ಬರುತ್ತೇನೆ, ಒಂದು ಪೇಪರೂ ಬಿಡುವುದಿಲ್ಲ. ಬಂದಾಗ ನನಗೂ ದಬ್ಬಣ ಕೊಡು. ಎರಡು ದಾರಿ ಇದ್ದವರು ಎರಡರಲ್ಲೂ ನಡೆಯಬಾರದೆಂದು ಎಲ್ಲಿದೆ? ನಿನ್ನ ಹೊಲಿಗೆ ಎಷ್ಟು ಚೆಂದವೋ ಅಷ್ಟು ಚೆಂದ ನನಗೆ ಬರಲಾರದು, ಆದರೂ.

ನಿನ್ನ ಮಗಳು


ಅಂಗಡಿ
ಡಿಸೆಂಬರ್ 3

ಅಕ್ಕನವರಿಗೆ,

ನಿಮ್ಮ ಎರಡನೆಯ ಹಾಳೆ ಓದಿದೆ, ನೀವು ಹೇಳಿದ ಹಾಗೆ ನಗುತ್ತಲೇ. ಮೇಷ್ಟ್ರ ಬ್ಯಾಗಿನವರೆಗೂ ಹೋಗಲಿಲ್ಲ, ಅಮ್ಮ ಕೈ ಎತ್ತಿದರು.

"ನಿಲ್ಲಿಸು. ಇದು ನನ್ನ ಮಗಳಲ್ಲ. ಹುಟ್ಟಿದಾಗಿನಿಂದ ಬೆಣ್ಣೇಲಿ ಕೂದಲು ಹುಡುಕೋಳು ಅವಳು. ಹೊಗಳೋಕೆ ಶುರು ಮಾಡಿದಾಳೆ ಅಂದ್ರೆ ಯಾರೋ ಹೇಳಿದಾರೆ ಅಂತ ಅರ್ಥ."

ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಕಾಣಲಿಲ್ಲ, ಆದರೂ ಗೊತ್ತಾಯಿತು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಹೋದ ಸಲದ ಕಾಗದ ತಾ. ನೀನು ಚೆನ್ನಾಗಿದೆ ಚೆನ್ನಾಗಿದೆ ಅಂತ ಓದಿದ್ಯಲ್ಲ, ಅದು. ಅವಳು ಬರೆದಿರೋದನ್ನ ಓದು" ಎಂದರು. ಬೇಡವೆಂದು ಅತ್ತುಬಿಟ್ಟೆ. ಪಟ್ಟು ಬಿಡಲಿಲ್ಲ. ಕೊನೆಗೆ 'ಸುಳ್ಳು ಹೇಳಬೇಡ' ಎಂಬಲ್ಲಿಂದ 'ಎಲ್ಲಿ ಮಲಗಲಿ' ಎಂಬವರೆಗೆ ಪೂರ್ತಿ ಓದಿದೆ.

 ಅಮ್ಮ ಹೊಲಿಗೆಯ ವಿಷಯ ಇರುವ ಕಡೆ ಮತ್ತೆ ಓದು ಎಂದರು. ಓದಿದೆ. ಇನ್ನೊಮ್ಮೆ ಎಂದರು. ಬಕಲಿನ ಪಕ್ಕ ಎಂದಾಗ ತಲೆಯಾಡಿಸಿದರು. ಪಟ್ಟಿ ಮಡಚುವ ಕಡೆ ಎಂದಾಗಲೂ ಆಡಿಸಿದರು. ಒಳಗಡೆ, ಹೆಬ್ಬೆರಳಿಗೆ ಮಾತ್ರ ಸಿಗುತ್ತದೆ ಎಂದು ಓದಿದಾಗ ಅವರ ತಲೆ ಅಲ್ಲೇ ನಿಂತಿತು.

"ಮೂರು ಅಂದ್ಲಾ? ನನಗೆ ಎರಡೇ ಗೊತ್ತಾಗಿತ್ತು!"

ಅಷ್ಟು ಹೇಳಿ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ತಮ್ಮ ಚೀಲ ತೆಗೆದುಕೊಂಡು ಹೋಗಲು ಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತರು. "ಕೇಳಿದ್ರಾ, ಮೂರು ಹಿಡಿದಿದಾಳೆ! ಯಾರೂ ಕಲಿಸ್ಲಿಲ್ಲ ಅವಳಿಗೆ, ಮುಟ್ಟೋಕೂ ಬಿಡ್ಲಿಲ್ಲ ನಾನು" ಎಂದು ಆ ಗುರುತಿಲ್ಲದವರಿಗೂ ಹೇಳಿದರು. ಪರೀಕ್ಷೆ ಮುಗಿದ ದಿನವೇ ನೀವು ಹೊರಡಬೇಕಂತೆ. ದಬ್ಬಣ ಕೊಡುತ್ತಾರಂತೆ.

ನಾನು ಇಲ್ಲಿಗೆ ಬಂದಾಗಿನಿಂದ ಎಷ್ಟು ಚೀಲ ಹೊಲಿದಿದ್ದೇನೋ ಲೆಕ್ಕವಿಲ್ಲ. ಒಂದು ಹೊಲಿಗೆಯೂ ಜಾರಿಲ್ಲ. ಅವುಗಳಲ್ಲಿ ಯಾವುದಕ್ಕೂ ಅವರು ಹಾಗೆ ನಕ್ಕಿಲ್ಲ. ಆ ಹೊತ್ತಿನಲ್ಲಿ ನಿಮ್ಮನ್ನು ನೆನೆದು ನನಗೆ ಮೈಯೆಲ್ಲ ಉರಿಯಿತು, ಈಗಲೂ ಪೂರ್ತಿ ತಣ್ಣಗಾಗಿಲ್ಲ. ಬೇಗ ಬನ್ನಿ.

ಇತಿ, ಹುಡುಗಿ